ಎಡಗಾಲಿನ ಬಿಳಿ ಗೆರೆ

“ಪೆನ್ನು ಕೊಡಿ ಸಾರ್. ಸಹಿ ಹಾಕಿಬಿಡ್ತೀನಿ,” ಎಂದರು ಹಲಗೆ ಮೇಷ್ಟ್ರು, ನಮಗೆ ಅಲೆಯ ಮೇಲೆ ಸರ್ಫಿಂಗ್ ಕಲಿಸುತ್ತಿದ್ದವರು.

ಇನ್‌ಸ್ಪೆಕ್ಟರ್ ಕೊಡಲಿಲ್ಲ. ಹೇಳಿಕೆಯ ಎರಡನೆಯ ಹಾಳೆ ಇನ್ನೂ ಅರ್ಧಕ್ಕೇ ನಿಂತಿತ್ತು. ಹಲಗೆ ಶೆಡ್ಡಿನ ಒಳಕೋಣೆಯಲ್ಲಿ ಕಾನ್‌ಸ್ಟೇಬಲ್ ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ಬರೆಯುತ್ತಿದ್ದ. ಅವನ ಆ ನಿಧಾನಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ನಾಲ್ಕಕ್ಕೆ ಜೀಪು ಹೊರಡುತ್ತದೆ, ಮೇಷ್ಟ್ರು ಅದರಲ್ಲಿ ಕೂರುತ್ತಾರೆ. ಬಾಗಿಲ ಬಳಿ ಅವರ ಹೆಂಡತಿ ಇಸ್ತ್ರಿ ಮಾಡಿದ ಅಂಗಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಗಂಡ ಒದ್ದೆ ಚಡ್ಡಿ, ಬನಿಯನ್ನಿನಲ್ಲಿ ಠಾಣೆಗೆ ಹೋಗಬಾರದು ಎಂಬುದೊಂದೇ ಆಕೆಗೆ ಉಳಿದಿದ್ದ ಹಟ. ನನಗೆ ಆ ಅಂಗಿಯನ್ನು ನೋಡಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ತಂಡದಲ್ಲಿದ್ದ ಹಾಸ್ಟೆಲ್ ವಾರ್ಡನ್ ಮೇಡಂ ಕರಿಬಂಡೆಗಳ ಸಂದಿಯಲ್ಲಿ ಹೆಣವಾಗಿ ಸಿಕ್ಕಿದ್ದರು. ಅವರ ಕಾಲಿಗೆ ಕಟ್ಟಿದ್ದ ಹಗ್ಗದ ಇನ್ನೊಂದು ತುದಿಯಲ್ಲಿ ಇದೇ ಶೆಡ್ಡಿನ ಹಲಗೆ ತೇಲುತ್ತಿತ್ತು.

ತಂಡ ಅಂದರೆ ದೊಡ್ಡ ಸೈನ್ಯವೇನಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಕಡಲ ದಂಡೆಯುದ್ದಕ್ಕೂ ನಡೆಯುತ್ತ, ಸಿಕ್ಕ ಕಡೆ ನೀರಿನ ಆಟ ಕಲಿಯಲು ಹೊರಟ ಐದು ಜನ. ವಾರ್ಡನ್, ಅವರ ತಮ್ಮ, ಅಂಚೆ ಕಚೇರಿಯ ಇಬ್ಬರು ಗೆಳೆಯರು, ಮತ್ತೆ ನಾನು. ಐವರಲ್ಲಿ ಒಬ್ಬರಿಗೂ ಸಮುದ್ರದ ಗಂಧಗಾಳಿ ಇರಲಿಲ್ಲ. ಮೊದಲ ವಾರ ದೋಣಿಯ ಹುಟ್ಟು ಹಿಡಿಯಲು ಹೋಗಿ ಸುತ್ತಿದಲ್ಲೇ ಸುತ್ತಿದೆವು. ಎರಡನೆಯ ವಾರ ಈ ದಂಡೆಗೆ ಬಂದು, ಅಲೆಯ ಮೇಲೆ ಹಲಗೆ ಹತ್ತುವ ಪಾಠಕ್ಕೆ ಸೇರಿದೆವು.

ಐವತ್ತೆಂಟನೆಯ ವಯಸ್ಸಿನಲ್ಲಿ, ಮಡಚಿದರೆ ಮತ್ತೆ ಬಿಡಿಸಲು ಇನ್ನೊಬ್ಬರ ಕೈ ಬೇಕಾಗುವ ಮೊಣಕಾಲು ಇಟ್ಟುಕೊಂಡು, ನನಗೆ ಇದೆಲ್ಲ ಬೇಕಿತ್ತೇ ಎಂದು ನೀವು ಕೇಳಬಹುದು. ಇದು ನನ್ನ ಗುಬ್ಬಿಯ ಕೆಲಸ. ಗುಬ್ಬಿ ನನ್ನ ತಂಗಿಯ ಮಗಳು. ತಂಗಿ ಹೋದ ಮೇಲೆ ನಾನೇ ಎತ್ತಿ ಆಡಿಸಿ ಬೆಳೆಸಿದವಳು. ಮೂವತ್ತೊಂದು ವರ್ಷ ಶೂ ಅಂಗಡಿಯಲ್ಲಿ ಕಾಲು ಅಳೆದು ನಾನು ನಿವೃತ್ತಳಾದ ದಿನ ಒಂದು ಲಕೋಟೆ ಕೈಗಿತ್ತಿದ್ದಳು. “ದೊಡ್ಡಮ್ಮ, ಊರವರ ಕಾಲಿಗೆಲ್ಲ ಶೂ ಹಾಕಿದ್ದು ಸಾಕು. ಇನ್ನು ನೀನು ನಡಿ.” ತಂಡ ಹುಡುಕಿದ್ದು, ತಾರೀಕು ಗೊತ್ತು ಮಾಡಿದ್ದು ಎಲ್ಲ ಅವಳೇ. ತನಗೂ ರಜೆ ಸಿಕ್ಕಿತೆಂದು ಮೊನ್ನೆ ಸಂಜೆ, ನಮ್ಮ ಮೂರನೆಯ ಪಾಠ ಮುಗಿದ ಮೇಲೆ, ಬಸ್ಸಿಳಿದು ಬಂದಿದ್ದಳು. ಬಂದವಳು ಮೊದಲು ಮಾಡಿದ ಕೆಲಸ ಬಗ್ಗಿ ನನ್ನ ಶೂ ಲೇಸು ಕಟ್ಟಿದ್ದು. ಚಿಕ್ಕಂದಿನಲ್ಲಿ ನಾನು ಅವಳಿಗೆ ಕಟ್ಟುತ್ತಿದ್ದೆ, ಈಗ ಅವಳು ನನಗೆ.

ಇರಲಿ. ಮೇಷ್ಟ್ರ ವಿಷಯಕ್ಕೆ ಬರುತ್ತೇನೆ.

ಆ ಮನುಷ್ಯ ತಪ್ಪು ಮಾಡಿ ಒಪ್ಪಿಕೊಳ್ಳುತ್ತಿದ್ದರೆ ನಾನು ತೆಪ್ಪಗೆ ಕೂರುತ್ತಿದ್ದೆ. ಆದರೆ ಅವರಿಗೆ ತಾವು ಏನು ಮಾಡಿದೆವು ಎಂಬುದೇ ನೆನಪಿರಲಿಲ್ಲ. ನಿನ್ನೆ ಬೆಳಿಗ್ಗೆ ಆರೂವರೆಗೆ ಒಂಬತ್ತು ಜನ ಕಾಲೇಜು ವಿದ್ಯಾರ್ಥಿಗಳ ಕಾಲಿಗೆ, ಬಿದ್ದರೂ ಹಲಗೆ ಕೈತಪ್ಪದಂತೆ, ಹಗ್ಗ ಕಟ್ಟುತ್ತಿದ್ದರಂತೆ. ನೀಲಿ ಅಂಗಿಯ ಹೆಂಗಸೊಬ್ಬರು ನಡುವೆ ಬಂದು ನಿಂತ ಹಾಗಿತ್ತಂತೆ. ವಾರ್ಡನ್ ಇದ್ದರೂ ಇರಬಹುದು. ತಾವು ತಲೆಯೆತ್ತದೆ ಅವರ ಕಾಲಿಗೂ ಕಟ್ಟಿರಬಹುದು. ತಪ್ಪು ಕಾಲಿಗೆ ಕಟ್ಟಿದ್ದರಿಂದ ಹಗ್ಗ ಸಿಕ್ಕಿಕೊಂಡು, ಹಲಗೆ ತಲೆಗೆ ಬಡಿದು ಆಕೆ ಮುಳುಗಿರಬಹುದು. ಎಲ್ಲವೂ ಬಹುದು, ಬಹುದು. ಹೇಳಿಕೆಯ ಹಾಳೆಯಲ್ಲಿ ಮಾತ್ರ ಆ ಬಹುದುಗಳೆಲ್ಲ ಹೌದುಗಳಾಗಿ ಇಳಿಯುತ್ತಿದ್ದವು.

“ಒಂದು ಜೀವ ಹೋಗಿದೆ ಅಮ್ಮ,” ಎಂದರು ಮೇಷ್ಟ್ರು, ನಾನು ತಡೆಯಲು ಹೋದಾಗ. “ನೆನಪಿಲ್ಲ ಅಂತ ಹೇಳಿ ಕೈ ತೊಳ್ಕೊಳ್ಳೋಕೆ ನನ್ನಿಂದ ಆಗಲ್ಲ.”

ಹದಿನೈದು ವರ್ಷದಿಂದ ಒಬ್ಬರಿಗೂ ತರಚು ಗಾಯಕ್ಕಿಂತ ಹೆಚ್ಚಾಗದಂತೆ ಕಲಿಸಿದ ಮನುಷ್ಯ. ಒಳ್ಳೆಯವರ ಜೊತೆ ಇದೇ ಕಷ್ಟ. ಅವರನ್ನು ಬೇರೆಯವರಿಂದ ಕಾಪಾಡಬಹುದು, ಅವರಿಂದಲೇ ಕಾಪಾಡುವುದು ಹೇಗೆ?

ನಾನು ಇನ್‌ಸ್ಪೆಕ್ಟರನ್ನು ಹೊರಕೋಣೆಗೆ ಕರೆದೆ. ಸಾಲಾಗಿ ನಿಲ್ಲಿಸಿದ ಹಲಗೆಗಳು, ಒಣಗಲು ಹಾಕಿದ ಅಂಗಿಗಳು, ನೆಲವೆಲ್ಲ ಮರಳು. ಅವರು ಕುಂಟುತ್ತಲೇ ಬಂದರು. ಅವರ ಶೂ ಒಂದು ನಂಬರ್ ಚಿಕ್ಕದು. ನಿನ್ನೆ ಅದನ್ನು ನಾನು ಮುಖ ನೋಡದೆಯೇ ಹೇಳಿದ್ದೆ. ಅಲ್ಲಿಂದ ನನ್ನ ಮಾತಿಗೆ ತುಸು ಬೆಲೆ ಬಂದಿತ್ತು.

“ಆ ಫೋಟೋ ಇನ್ನೊಂದು ಸಲ ತೋರಿಸಿ ಸಾರ್. ಕಾಲಿನದು ಮಾತ್ರ.”

ಅವರು ಮೊಬೈಲು ಚಾಚಿದರು. ನಾನು ಕನ್ನಡಕ ಏರಿಸಿಕೊಂಡೆ.

ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ. ಆ ಕಾಲು ಮಾತ್ರ ಚೆನ್ನಾಗಿ ಗೊತ್ತು. ಮೂರು ದಿನ ಪಕ್ಕದಲ್ಲೇ ಮರಳಿನ ಮೇಲೆ ನಿಂತಿತ್ತು. ಬಲಗಾಲಿನ ಹರಡಿಗೆ ಹಗ್ಗದ ವೆಲ್ಕ್ರೋ ಪಟ್ಟಿ ಸುತ್ತಿತ್ತು. ಎಡಗಾಲಿನ ಹರಡಿನ ಮೇಲೆ, ಬಿಸಿಲಿಗೆ ಕಂದಿದ ಚರ್ಮದ ನಡುವೆ, ಬೆರಳಗಲದ ಒಂದು ತಿಳಿ ಗೆರೆ.

ಅದನ್ನು ನೋಡಿದ್ದೇ ತಡ, ನಾನು ಸ್ಟೂಲು ಎಳೆದುಕೊಂಡು ಕುಳಿತು ನನ್ನ ಶೂ, ಸಾಕ್ಸು ಕಿತ್ತುಹಾಕಿದೆ. ನನ್ನ ಎಡಗಾಲಿನಲ್ಲೂ ಅದೇ ಗೆರೆ, ಅದೇ ಜಾಗದಲ್ಲಿ.

ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿದರು. ನಾನು ಪಾಠದ ಮೊದಲ ದಿನದ ಕಥೆ ಹೇಳಿದೆ.

ಮೇಷ್ಟ್ರಿಗೊಂದು ಅಭ್ಯಾಸ. ಮೊದಲ ದಿನ ಎಲ್ಲರನ್ನೂ ಸಮುದ್ರಕ್ಕೆ ಮುಖ ಮಾಡಿ ಸಾಲಾಗಿ ನಿಲ್ಲಿಸುತ್ತಾರೆ. ಅದೂ ಇದೂ ಮಾತಾಡುತ್ತ ಹಿಂದಿನಿಂದ ಬಂದು, ಹೇಳದೆ ಕೇಳದೆ ಬೆನ್ನಿಗೆ ಮೆಲ್ಲಗೆ ಒಂದು ತಳ್ಳು ಕೊಡುತ್ತಾರೆ. ಬೀಳದ ಹಾಗೆ ನೀವು ಯಾವ ಕಾಲು ಮುಂದಿಡುತ್ತೀರೋ ಹಲಗೆಯ ಮೇಲೂ ಅದೇ ಕಾಲು ಮುಂದೆ. ಹಿಂದೆ ಉಳಿದ ಕಾಲಿಗೆ ಹಗ್ಗ. ಯೋಚನೆ ಮಾಡಿ ಇಡುವ ಹೆಜ್ಜೆ ಸುಳ್ಳು ಹೇಳುತ್ತದೆ, ಬೀಳುವಾಗ ಇಡುವ ಹೆಜ್ಜೆ ಹೇಳುವುದಿಲ್ಲ ಎಂದಿದ್ದರು. ಶೂ ಅಂಗಡಿಯಲ್ಲಿ ಇಷ್ಟು ವರ್ಷ ಕಳೆದ ನನಗೂ ಅದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಅವತ್ತು ನಿಂತವರು ನಾವು ನಾಲ್ವರು, ಆ ಒಂಬತ್ತು ವಿದ್ಯಾರ್ಥಿಗಳು, ಒಟ್ಟು ಹದಿಮೂರು ಜನ. ಹನ್ನೊಂದು ಜನ ಎಡಗಾಲು ಮುಂದಿಟ್ಟರು. ಬಲಗಾಲು ಇಟ್ಟವರು ಇಬ್ಬರೇ, ನಾನು ಮತ್ತು ವಾರ್ಡನ್. ಆಕೆ ನನ್ನ ಕಡೆ ತಿರುಗಿ ನಕ್ಕಿದ್ದರು. ಅಷ್ಟು ಬಿಗುಮಾನದ ಹೆಂಗಸು ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಆಕೆ ಇಷ್ಟವಾಗಿದ್ದರು.

ಆಮೇಲೆ ಮೇಷ್ಟ್ರು ಮೂಗಿಗೆ ಹಚ್ಚುವ ದಪ್ಪ ಬಿಳಿ ಸನ್‌ಸ್ಕ್ರೀನ್ ತಂದು, ಹಗ್ಗ ಕಟ್ಟಬೇಕಾದ ಕಾಲಿನ ಹರಡಿನ ಮೇಲೆ ಒಂದೊಂದು ಗೆರೆ ಎಳೆದಿದ್ದರು. ಮೂರು ದಿನವೂ ಪಾಠದ ಮುಂಚೆ ಇದೇ ಕ್ರಮ. ಪಟ್ಟಿ ಸುತ್ತುವ ಜಾಗಕ್ಕಿಂತ ಬೆರಳಷ್ಟು ಮೇಲೆ ಎಳೆಯುತ್ತಿದ್ದುದರಿಂದ ಗೆರೆ ಉಜ್ಜಿಹೋಗುತ್ತಿರಲಿಲ್ಲ. ಈ ಬಿಸಿಲಿಗೆ ಉಳಿದ ಕಾಲೆಲ್ಲ ಕಂದಿತು, ಗೆರೆಯ ಅಡಿಯ ಚರ್ಮ ಮಾತ್ರ ಹಾಗೇ ಉಳಿಯಿತು.

“ಅಂದ್ರೆ ಆಕೆಗೆ ಕಟ್ಟಬೇಕಾಗಿದ್ದು ಎಡಗಾಲಿಗೆ,” ಎಂದರು ಇನ್‌ಸ್ಪೆಕ್ಟರ್. “ಮೇಷ್ಟ್ರೂ ಅದೇ ಹೇಳ್ತಿದ್ದಾರಲ್ಲಮ್ಮ. ಗಡಿಬಿಡಿಯಲ್ಲಿ ಕಾಲು ತಪ್ಪಿತು ಅಂತ.”

“ಮೇಷ್ಟ್ರ ಕಾಲು ತಪ್ಪಿತು ಅಂತಲೇ ಇಟ್ಕೊಳ್ಳಿ. ಕಟ್ಟಿಸಿಕೊಂಡವರ ಬಾಯಿ ಎಲ್ಲಿ ಹೋಗಿತ್ತು ಸಾರ್?”

ಅವರು ಬಗ್ಗಿ ಫೋಟೋವನ್ನು ಮತ್ತೊಮ್ಮೆ ನೋಡಿದರು.

“ಆಕೆ ಇಪ್ಪತ್ತೈದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ವಾರ್ಡನ್. ಊಟದ ತಟ್ಟೆ ಓರೆಯಾಗಿಟ್ಟರೂ ಸರಿ ಮಾಡಿಸ್ತಿದ್ರು. ತನ್ನ ಕಾಲಿಗೆ ತಪ್ಪಾಗಿ ಹಗ್ಗ ಕಟ್ತಾ ಇದ್ರೆ ನೋಡ್ಕೊಂಡು ನಿಲ್ತಾರಾ? ಹಗ್ಗ ಕಟ್ಟುವಾಗ ಆಕೆ ಮಾತಾಡೋ ಸ್ಥಿತಿಯಲ್ಲಿ ಇರಲಿಲ್ಲ ಸಾರ್. ತಲೆಗೆ ಪೆಟ್ಟು ಮೊದಲು, ಹಗ್ಗ ಆಮೇಲೆ.”

ಹೊರಗೆ ಅಲೆ ಬಂದು ಹೋಗುವ ಸದ್ದು. ಒಳಗೆ ಪೆನ್ನಿನ ಕರಕರ. ಇನ್‌ಸ್ಪೆಕ್ಟರ್ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದರು.

ನಾನು ಫೋಟೋ ಹಿಗ್ಗಿಸಿ ಇನ್ನೊಂದು ಸಂಗತಿ ತೋರಿಸಿದೆ. ಹೊಸಬರು ಪಟ್ಟಿ ಕಟ್ಟಿದರೆ ಹಗ್ಗ ಕಾಲಿನ ಒಳಬದಿಗೆ ಬಂದು ತೊಡರುತ್ತದೆ. ಮೂರು ದಿನ ನಾವೆಲ್ಲ ಹಾಗೇ ಕಟ್ಟಿಕೊಂಡು ಬಿದ್ದ ಮೇಲೆಯೇ ಮೇಷ್ಟ್ರು ನಿನ್ನೆ ತಾವೇ ಕಟ್ಟಲು ನಿಂತದ್ದು. ಇಲ್ಲಿ ಹಗ್ಗ ಅಚ್ಚುಕಟ್ಟಾಗಿ ಹೊರಬದಿಗಿತ್ತು. ಸಾಲದ್ದಕ್ಕೆ ಪಟ್ಟಿಯ ಕೊನೆಯ ಅರ್ಧ ಇಂಚನ್ನು ಹಿಂದಕ್ಕೆ ಮಡಚಿ ಒತ್ತಿತ್ತು. ತುರ್ತಿನಲ್ಲಿ ಒಂದೇ ಎಳೆತಕ್ಕೆ ಬಿಚ್ಚಲು ಹಿಡಿ ಸಿಗಲಿ ಅಂತ. ಮೇಷ್ಟ್ರು ಹಾಗೆ ಮಡಚುವುದಿಲ್ಲ, ಮಡಚಲು ಕಲಿಸುವುದೂ ಇಲ್ಲ. ಮಕ್ಕಳ ಶೂಗಳ ವೆಲ್ಕ್ರೋವನ್ನು ದಿನಕ್ಕೆ ನೂರು ಸಲ ಬಿಚ್ಚಿ ಹಾಕಿದ ನನ್ನ ಕಣ್ಣು ಇಂಥದ್ದರಲ್ಲಿ ತಪ್ಪುವುದಿಲ್ಲ. ಅದು ವರ್ಷಗಟ್ಟಲೆ ಪಳಗಿದ ಕೈ. ತನ್ನ ಕಾಲಿಗೆ ಕಟ್ಟಿ ಕಟ್ಟಿ ಅಭ್ಯಾಸವಾದ ಬಲಗಾಲಿಗೇ ಕಟ್ಟಿಬಿಟ್ಟಿದೆ. ಗೆರೆಯ ಅರ್ಥ ಅದಕ್ಕೆ ಗೊತ್ತಿರಲಿಲ್ಲ.

“ಹಲಗೆ ಚೆನ್ನಾಗಿ ಬಲ್ಲವರು. ಆದರೆ ನಿಮ್ಮ ಪಾಠದಲ್ಲಿ ಇಲ್ಲದವರು.” ಇನ್‌ಸ್ಪೆಕ್ಟರ್ ಬೆರಳು ಮಡಚಿದರು. “ನಿನ್ನೆ ಬೆಳಿಗ್ಗೆ ಈ ದಂಡೆಯ ಗೇಟಿನಿಂದ ಹೊರಗಿನವರು ಯಾರೂ ಬಂದಿಲ್ಲ ಅಂತ ಕಾವಲಿನವನು ಹೇಳ್ತಾನೆ. ತಂಡದಲ್ಲಿ ಪಾಠಕ್ಕೆ ಹೋಗದವರು ಯಾರು?”

“ಆಕೆಯ ತಮ್ಮ. ಹಿಮ್ಮಡಿ ಬೊಬ್ಬೆ ಎದ್ದಿದೆ ಅಂತ ಮೂರು ದಿನವೂ ಛತ್ರಿ ಕೆಳಗೆ ಕೂತಿದ್ದ. ಇನ್ನೊಬ್ಬಳು ನಮ್ಮ ಗುಬ್ಬಿ. ಅವಳು ಸಮುದ್ರ ನೋಡಿದ್ದೇ ಮೊನ್ನೆ.”

ಇಬ್ಬರೂ ನಕ್ಕೆವು. ಆ ಎರಡು ದಿನಗಳಲ್ಲಿ ನಾವು ನಕ್ಕಿದ್ದು ಅದೇ ಮೊದಲು.

ನಗು ಮುಗಿದ ಮೇಲೆ ಅವರು ಖಡಾಖಂಡಿತವಾಗಿ ಹೇಳಿದರು. ತಪ್ಪೊಪ್ಪಿಕೊಂಡವನು ಎದುರಿಗೆ ಕೂತಿರುವಾಗ ಮೇಲಿನವರಿಗೆ ಗೆರೆಯ ಕಥೆ ಹೇಳಿದರೆ ಮೈಮೇಲೆ ಬೀಳುತ್ತಾರೆ. ಆ ಇನ್ನೊಂದು ಕೈ ಯಾರದೆಂದು ತೋರಿಸಿದರೆ ಹಾಳೆ ಹರಿದು ಹಾಕುತ್ತೇನೆ, ಇಲ್ಲದಿದ್ದರೆ ನಾಲ್ಕಕ್ಕೆ ಜೀಪು. ಗಡಿಯಾರ ಮೂರೂ ಇಪ್ಪತ್ತೈದು ತೋರಿಸುತ್ತಿತ್ತು.

ತಮ್ಮನನ್ನು ಕರೆಸಿದೆವು.

ಆತ ಕನ್ನಡಕದ ಅಂಗಡಿಯವನು, ನಲವತ್ತರ ಆಸುಪಾಸು. ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ. ಬಂದವನು ಹಲಗೆಗಳ ಕಡೆ ನೋಡದೆ ಗೋಡೆಗೆ ಒರಗಿ ನಿಂತ. ನನಗೆ ಆತನ ಮೇಲೆ ಕಣ್ಣಿತ್ತು. ಮೊನ್ನೆ ಸಂಜೆ ಅಕ್ಕ ತಮ್ಮ ಜಗಳವಾಡಿದ್ದು ತೆಳು ಗೋಡೆಯಾಚೆಯಿಂದ ನನಗೆ ಕೇಳಿಸಿತ್ತು, ಮಾತು ಮಾತ್ರ ತಿಳಿದಿರಲಿಲ್ಲ. ಬೊಬ್ಬೆಗೆ ಪಟ್ಟಿ ಹಾಕಿದವಳು ನಾನೇ. ಎರಡು ವರ್ಷ ಹಳೆಯ, ಮೆತ್ತಗಾದ ಶೂ ಅಂಥ ಬೊಬ್ಬೆ ಎಬ್ಬಿಸಿದ್ದು ಹೇಗೆಂದು ಆಗಲೇ ಯೋಚಿಸಿದ್ದೆ.

ಇನ್‌ಸ್ಪೆಕ್ಟರ್ ಜಗಳದ ಬಗ್ಗೆ ಕೇಳಿದರು.

“ಅಕ್ಕ ನಾಳೆ ಬೆಳಿಗ್ಗೆನೇ ಹೊರಟುಬಿಡೋಣ ಅಂದಳು. ಯಾಕೆ ಅಂತ ಹೇಳಲಿಲ್ಲ. ಇಲ್ಲಿ ಇರೋದು ಬೇಡ ಅಂತ ಒಂದೇ ಸಮ. ನಾನು ರೇಗಿಬಿಟ್ಟೆ. ನಿನ್ನ ಹಾಸ್ಟೆಲ್ ಅಲ್ಲ ಇದು, ನೀನು ಗಂಟೆ ಹೊಡೆದ ತಕ್ಷಣ ಏಳೋಕೆ ಅಂದೆ.” ಆತ ನೆಲ ನೋಡಿದ. “ಅವಳ ಜೊತೆ ನಾನಾಡಿದ ಕೊನೇ ಮಾತು ಅದು.”

“ಅಷ್ಟಕ್ಕೂ ಆಕೆ ಯಾವಾಗಿನಿಂದ ಹಾಗೆ?” ಎಂದರು ಇನ್‌ಸ್ಪೆಕ್ಟರ್.

“ಸಂಜೆ ಟೀ ಕುಡಿಯೋವರೆಗೂ ಸರಿಯಾಗೇ ಇದ್ದಳು.”

ಸಂಜೆಯ ಟೀ ನನಗೂ ನೆನಪಿತ್ತು. ಎಲ್ಲರೂ ವರಾಂಡದಲ್ಲಿ ಕೂತಿದ್ದೆವು. ವಾರ್ಡನ್ ತುಂಬಿದ ಲೋಟವನ್ನು ಹಾಗೇ ಕೆಳಗಿಟ್ಟು, ತಲೆ ಸಿಡಿಯುತ್ತಿದೆ ಎಂದು ಎದ್ದು ಹೋಗಿದ್ದರು. ಬಿಸಿಲು ತಾಗಿರಬೇಕು ಎಂದುಕೊಂಡಿದ್ದೆ.

ಅದನ್ನು ಯೋಚಿಸಲು ಹೊತ್ತಿರಲಿಲ್ಲ. ಮೂಲೆಯಲ್ಲಿದ್ದ ಒಂದು ಹಗ್ಗ ತೆಗೆದು ಆತನ ಕೈಗಿತ್ತೆ. ಸ್ಟೂಲಿನ ಮೇಲೆ ಕುಳಿತು ಎರಡೂ ಬರಿಗಾಲು ಮುಂದೆ ಚಾಚಿ, ಇದನ್ನು ನನಗೆ ಕಟ್ಟಿ ಎಂದೆ. ಇನ್‌ಸ್ಪೆಕ್ಟರ್ ಹಲಗೆಗಳ ಸಾಲಿಗೆ ಒರಗಿ, ಸಿಗರೇಟು ಹುಡುಕುವವರಂತೆ ಜೇಬು ತಡಕುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಒಳಗೆ ಮೇಷ್ಟ್ರು ಯಾಕೋ ಒಮ್ಮೆ ಕೆಮ್ಮಿದರು.

ಆತ ಮಂಡಿಯೂರಿದ. ಪಟ್ಟಿಯನ್ನು ಆ ಕಡೆ ಈ ಕಡೆ ತಿರುಗಿಸಿದ. ನನ್ನ ಎರಡೂ ಕಾಲು ನೋಡಿದ. ಆಮೇಲೆ ಎಡಗಾಲಿಗೆ ಕೈ ಹಾಕಿದ.

“ಈ ಕಾಲೇ ಯಾಕೆ?” ಎಂದೆ.

“ಗೆರೆ ಇದೆಯಲ್ಲ ಮೇಡಂ. ಛತ್ರಿ ಕೆಳಗೆ ಕೂತು ಮೂರು ದಿನ ನೋಡಿದ್ದು ಅದೊಂದನ್ನೇ. ಗೆರೆ ಇದ್ದ ಕಾಲಿಗೆ ಹಗ್ಗ.”

ಕಟ್ಟಿದ. ಎಲ್ಲ ಹೊಸಬರ ಹಾಗೆ ಹಗ್ಗ ಒಳಬದಿಗೆ ಬಂತು. ಪಟ್ಟಿಯ ತುದಿ ಹರಡಿಗೆ ಸುತ್ತಿ ಸೊಟ್ಟಗೆ ಅಂಟಿತು. ಬಿಚ್ಚಿಸಿ ಮತ್ತೆ ಕಟ್ಟಿಸಿದೆ. ಮತ್ತೆ ಒಳಬದಿಗೇ, ಮೊದಲಿಗಿಂತ ಸೊಟ್ಟಗೆ. ನಟನೆ ಮಾಡುವ ಕೈ ಬೇರೆ, ಗೊತ್ತಿಲ್ಲದ ಕೈ ಬೇರೆ. ಇದು ಗೊತ್ತಿಲ್ಲದ ಕೈ. ಮೂರನೆಯ ಸಲಕ್ಕೆ ಆತ ಪಟ್ಟಿಯನ್ನು ಕೆಳಗೆ ಬಿಟ್ಟ. ಅಕ್ಕನ ಕಾಲಿನ ಹಗ್ಗ ಬಿಚ್ಚಿದ್ದೂ ತಾನೇ ಎಂದು ಏನೋ ಹೇಳಹೋಗಿ, ಮುಖ ಮುಚ್ಚಿಕೊಂಡು ಹೊರಗೆ ನಡೆದುಬಿಟ್ಟ. ಕುಂಟು ನಿಜವಾದ ಕುಂಟಾಗಿತ್ತು. ಬೊಬ್ಬೆಯೂ ನಡೆದು ಎದ್ದದ್ದೇ ಇರಬೇಕು. ಅಂಥ ದುಃಖದಲ್ಲಿದ್ದವನನ್ನು ಹಾಗೆ ಆಡಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇನ್‌ಸ್ಪೆಕ್ಟರ್ ಹಗ್ಗವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟರು. ಅದೇ ಹೊತ್ತಿಗೆ ಅವರ ಮೊಬೈಲು ಗುಂಯ್‌ಗುಟ್ಟಿತು. ಮೇಲಿನವರು. ಹೊರಡುತ್ತಿದ್ದೇವೆ ಸಾರ್, ಸಹಿಯೊಂದು ಬಾಕಿ ಎನ್ನುತ್ತ ಕುಂಟಿಕೊಂಡು ಅಂಗಳಕ್ಕೆ ಇಳಿದರು.

ನಾನು ಸ್ಟೂಲಿನ ಮೇಲೆ ಒಬ್ಬಳೇ ಉಳಿದೆ. ಹಗ್ಗ ತೊಡೆಯ ಮೇಲಿತ್ತು. ಎದ್ದು ಹೋಗಿ ಮೇಷ್ಟ್ರ ಮುಂದಿನ ಹಾಳೆಯನ್ನು ನಾನೇ ಹರಿದುಬಿಡಬೇಕು ಅನ್ನಿಸಿತು. ಈ ಹಾಳು ಮೊಣಕಾಲು ಏಳಗೊಡಲಿಲ್ಲ. ಅರ್ಧ ತೆರೆದ ಬಾಗಿಲಿನ ಸಂದಿಯಲ್ಲಿ ಮೇಷ್ಟ್ರ ಪಾದಗಳು ಮಾತ್ರ ಕಾಣುತ್ತಿದ್ದವು. ಬೆರಳುಗಳಿಗಿಂತ ತುಸು ಮೇಲೆ ಎರಡೂ ಪಾದಗಳ ಮೇಲೆ ಗೋಲಿಯಷ್ಟು ಗಟ್ಟಿ ಗಂಟು. ಮೊದಲ ದಿನವೇ ಅದನ್ನು ನೋಡಿ ಏನೆಂದು ಕೇಳಿದ್ದೆ. ಹಲಗೆಯ ಮೇಲೆ ಮಂಡಿಯೂರಿ ವರ್ಷಗಟ್ಟಲೆ ನೀರು ತಳ್ಳಿದವರಿಗೆಲ್ಲ ಬರುತ್ತದೆ, ನೋವೇನಿಲ್ಲ ಎಂದಿದ್ದರು. ಇನ್ನಾರು ತಿಂಗಳು ಜೈಲಿನ ನೆಲದ ಮೇಲೆ ಓಡಾಡಬೇಕಾದ ಪಾದಗಳು.

“ದೊಡ್ಡಮ್ಮ, ಎರಡೂ ಬ್ಯಾಗ್ ತುಂಬಿದ್ದಾಯ್ತು. ಐದು ಗಂಟೆ ಬಸ್ಸಿಗೆ ಹೋಗೋಣ ಬಾ.”

ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಎರಡೂ ಭುಜಕ್ಕೆ ಒಂದೊಂದು ಚೀಲ, ಕೈಯಲ್ಲಿ ಚಪ್ಪಲಿ, ಬರಿಗಾಲಿನ ತುಂಬ ಮರಳು. ಬೆಳಿಗ್ಗೆಯಿಂದ ಅವಳು ಈ ಕಡೆ ತಲೆ ಹಾಕಿರಲಿಲ್ಲ. ಇಲ್ಲಿ ಏನು ನಡೆಯಿತೆಂಬುದೂ ಅವಳಿಗೆ ತಿಳಿಯದು. ಅವಳನ್ನು ಕಂಡದ್ದೇ ನನ್ನ ಅರ್ಧ ಆಯಾಸ ಇಳಿಯಿತು. ಸ್ವಂತದವರು ಅಂದರೆ ಹಾಗೇ ಅಲ್ಲವೇ.

“ಇದೇನು, ಈ ಗಲಾಟೆ ಮಧ್ಯೆ ಹಲಗೆ ಹತ್ತೋಕೆ ಹೊರಟ್ಯಾ?” ಎಂದು ನನ್ನ ತೊಡೆಯ ಮೇಲಿನ ಹಗ್ಗ ನೋಡಿದಳು.

“ಕಟ್ಟು ನೋಡೋಣ,” ಎಂದೆ. ಯಾವ ಲೆಕ್ಕಾಚಾರವೂ ಇಲ್ಲದೆ, ಸುಸ್ತಿನಲ್ಲಿ ಬಾಯಿಗೆ ಬಂದ ಮಾತು. “ಇಲ್ಲಿ ಯಾರಿಗೂ ಸರಿಯಾಗಿ ಕಟ್ಟೋಕೆ ಬರಲ್ಲ.”

ಅವಳು ಚೀಲಗಳನ್ನು ಕೆಳಗೆ ಬಿಟ್ಟು ನನ್ನ ಮುಂದೆ ಮಂಡಿಯೂರಿದಳು. ಎರಡು ದಿನದಿಂದ ದಿನಕ್ಕೆ ನಾಲ್ಕು ಸಲ ಹೀಗೆ ಮಂಡಿಯೂರಿ ಲೇಸು ಕಟ್ಟುತ್ತಿದ್ದಳಲ್ಲ, ಹಾಗೇ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ನನಗೆ, ಮನೆಗೆ ಹೋದ ಕೂಡಲೇ ಮೊಣಕಾಲಿಗೆ ಡಾಕ್ಟರು ಎಂದು ಏನೇನೋ ಹೇಳುತ್ತಿದ್ದಳು. ನಾನು ಅವಳ ಬೈತಲೆ ನೋಡುತ್ತ, ಮೇಷ್ಟ್ರಿಗೆ ಆ ಇಸ್ತ್ರಿ ಅಂಗಿಯನ್ನು ಯಾರು ತೊಡಿಸುತ್ತಾರೆ ಎಂದು ಯೋಚಿಸುತ್ತಿದ್ದೆ.

ಕಾಲಿಗೆ ಪಟ್ಟಿ ಬಿಗಿಯಿತು. ಬಲಗಾಲಿಗೆ.

ನಾನು ಕೆಳಗೆ ನೋಡಿದೆ. ಹಗ್ಗ ಹೊರಬದಿಗಿತ್ತು. ಅವಳು ಬಸ್ಸಿನ ಮಾತು ನಿಲ್ಲಿಸಿರಲಿಲ್ಲ, ಕಣ್ಣು ನನ್ನ ಮುಖದ ಮೇಲಿತ್ತು, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಹೆಬ್ಬೆರಳು ಪಟ್ಟಿಯ ಕೊನೆಯನ್ನು ಅರ್ಧ ಇಂಚು ಹಿಂದಕ್ಕೆ ಮಡಚಿ ಒತ್ತಿತು.

ಫೋಟೋದಲ್ಲಿ ನೋಡಿದ್ದ ಅದೇ ಮಡಿಕೆ.

ಮಂಡಿಯೂರಿದವಳ ಪಾದಗಳು ಹಿಂದಕ್ಕೆ ಚಾಚಿದ್ದವು. ಓದಲೆಂದು ಮೂರು ವರ್ಷ ಹಾಸ್ಟೆಲಿನಲ್ಲಿದ್ದಳು. ಹಬ್ಬ ಹುಣ್ಣಿಮೆಗೂ ಊರಿಗೆ ಬಂದದ್ದು ಕಡಿಮೆ. ಬಂದಾಗಲೂ ಶೂ, ಸಾಕ್ಸು. ಕಂಡವರ ಕಾಲೆಲ್ಲ ನೋಡಿ ಜಾತಕ ಹೇಳುವ ನಾನು ಸಾಕಿದ ಮಗುವಿನ ಕಾಲು ನೋಡಿರಲಿಲ್ಲ. ಈಗ ಅವಳು ಒಂದು ಕಾಲನ್ನು ಮುಂದಕ್ಕೆ ತಂದು ಊರಿ ಕುಳಿತಳು. ಬೆರಳುಗಳಿಗಿಂತ ತುಸು ಮೇಲೆ, ಮರಳು ಮೆತ್ತಿದ ಪಾದದ ಮೇಲೆ, ಗೋಲಿಯಷ್ಟು ಗಟ್ಟಿ ಗಂಟು.

ಮೊನ್ನೆ ಸಂಜೆ ಗುಬ್ಬಿ ಬಸ್ಸಿಳಿದು ವರಾಂಡಕ್ಕೆ ಬಂದದ್ದು ನಾವು ಟೀ ಕುಡಿಯುತ್ತಿದ್ದಾಗ. ವಾರ್ಡನ್ ಲೋಟ ಕೆಳಗಿಟ್ಟು ಎದ್ದದ್ದು ಅವಳು ಮೆಟ್ಟಿಲು ಹತ್ತಿದ ಮೇಲೆ. ಆಕೆ ನಿನಗೆ ಗೊತ್ತೇನೇ, ಅವರೂ ಹಾಸ್ಟೆಲಿನವರೇ ಎಂದು ನಾನು ಕೇಳಿದ್ದಕ್ಕೆ, ಹಾಸ್ಟೆಲ್ ಸಾವಿರ ಇರುತ್ತವೆ ದೊಡ್ಡಮ್ಮ ಎಂದು ನಕ್ಕಿದ್ದಳು. ಈ ತಂಡ ಹುಡುಕಿದವಳು ಅವಳು. ಈ ತಾರೀಕು ಗೊತ್ತು ಮಾಡಿದವಳೂ ಅವಳು. ಲಕೋಟೆ ಕೈಗಿಟ್ಟ ದಿನ ನಾನು ಅವಳ ಕೆನ್ನೆ ಹಿಡಿದು ಅತ್ತಿದ್ದೆ.

“ಆಯ್ತು ನೋಡು,” ಎಂದು ಅವಳು ನನ್ನ ಕಾಲಿಗೊಂದು ಪೆಟ್ಟು ಕೊಟ್ಟಳು. ಆಮೇಲೆ ಅವಳ ಕಣ್ಣು ನನ್ನ ಇನ್ನೊಂದು ಕಾಲಿನ ಮೇಲೆ ನಿಂತಿತು. ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. “ಇದೇನು ದೊಡ್ಡಮ್ಮ, ಈ ಕಾಲಲ್ಲಿ ಬಿಳಿ ಗೆರೆ? ಸುಟ್ಕೊಂಡ್ಯಾ?”

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಾನ್‌ಸ್ಟೇಬಲ್ ಎರಡು ಹಾಳೆಗಳನ್ನೂ ಮೇಜಿನ ಮೇಲೆ ತಟ್ಟಿ ಜೋಡಿಸುತ್ತಿದ್ದ. ಮೇಷ್ಟ್ರ ಹೆಂಡತಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ್ದರು.

ಇನ್‌ಸ್ಪೆಕ್ಟರ್ ಅಂಗಳದಿಂದ ಬಂದು ಹೊಸ್ತಿಲ ಮೇಲೆ ನಿಂತರು. ಅಲ್ಲಿಂದ ಅವರಿಗೆ ಗುಬ್ಬಿಯ ಬೆನ್ನು ಕಾಣುತ್ತಿತ್ತು. ನನ್ನ ಕಾಲುಗಳು ಕಾಣುತ್ತಿರಲಿಲ್ಲ.

“ಕೊನೇ ಸಲ ಕೇಳ್ತೀನಿ ಅಮ್ಮ,” ಎಂದರು. “ಅವರು ಸಹಿ ಹಾಕೋ ಮುಂಚೆ ನೀವು ನನಗೆ ತೋರಿಸೋದು ಏನಾದ್ರೂ ಇದೆಯಾ?”

ಗುಬ್ಬಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದ ನಗು ಇನ್ನೂ ಆರಿರಲಿಲ್ಲ.

ಒಳಗೆ ಪೆನ್ನಿನ ಮುಚ್ಚಳ ಟಕ್ಕೆಂದು ಬಿಚ್ಚಿಕೊಂಡಿತು.

ನಾನು ಗೆರೆಯ ಎಡಗಾಲನ್ನೂ ಹಗ್ಗದ ಬಲಗಾಲನ್ನೂ ಸ್ಟೂಲಿನ ಕೆಳಗೆ ಎಳೆದುಕೊಂಡೆ.